ಡೇರಿಯ ಹಲಗೆಗೆ ವಾರದ ಹವಾಮಾನ ಬರಲಿ: ತುಮಕೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಾನು ಕುಣಿಗಲ್ ತಾಲ್ಲೂಕು ಕೊತ್ತಗೆರೆ ಹೋಬಳಿಯ ರೈತ.

ರೇವತಿ ಮಳೆಯ ದಿನಗಳು ನಡೆಯುತ್ತಿವೆ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ ಹುಟ್ಟುತ್ತದೆ, ತಿಂಗಳ ಕೊನೆಗೆ ಭರಣಿ. ಮಧ್ಯಾಹ್ನವೆಲ್ಲ ಬಿಸಿಲು ಕಾದು, ನಾಲ್ಕು ಗಂಟೆ ಹೊತ್ತಿಗೆ ಮೋಡ ಕಟ್ಟುತ್ತದೆ. ಒಂದು ದಿನ ಬರೀ ಗಾಳಿ ಬೀಸಿ ಹೋದರೆ, ಇನ್ನೊಂದು ದಿನ ಅರ್ಧ ಗಂಟೆಯಲ್ಲಿ ಬದು ಒಡೆಯುವಷ್ಟು ಸುರಿಯುತ್ತದೆ. ಈ ವಾರ ಮಳೆ ಇದೆಯೋ ಇಲ್ಲವೋ ಎಂಬುದೇ ಈಗ ನಮ್ಮ ಮನೆಗಳ ಮಾತು. ಸರ್ಕಾರದ ಬಳಿ ಇದಕ್ಕೆ ಉತ್ತರವಿದೆ, ಅದು ನಮ್ಮ ಹಳ್ಳಿಗಳಿಗೆ ತಲುಪುತ್ತಿಲ್ಲ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ತಾವೇ ಅಧ್ಯಕ್ಷರಾದ್ದರಿಂದ ತಮಗೇ ಬರೆಯುತ್ತಿದ್ದೇನೆ.

ನಮ್ಮ ಅಂಗಳಗಳನ್ನು ಒಮ್ಮೆ ನೋಡಬೇಕು. ಹುಣಸೆ ಬಡಿದಾಗಿದೆ. ಹೆಂಗಸರು ಓಡು ಬಿಡಿಸಿ, ನಾರು ಎಳೆದು, ಬೀಜ ತೆಗೆದ ಹಣ್ಣನ್ನು ಟಾರ್ಪಾಲಿನ ಮೇಲೆ ಹರಡಿದ್ದಾರೆ. ಅದರ ಮೇಲೆ ಒಂದು ಸಂಜೆ ಮಳೆ ಬಿದ್ದರೆ ಸಾಕು, ಬಣ್ಣ ಕಪ್ಪಿಗೆ ತಿರುಗಿ ಬೂಷ್ಟು ಹಿಡಿಯುತ್ತದೆ. ತುಮಕೂರಿನ ಎಪಿಎಂಸಿಯಲ್ಲಿ ಅಂಥ ಹಣ್ಣಿಗೆ ಬೆಲೆ ಬೀಳುತ್ತದೆ, ವಾರಗಟ್ಟಲೆ ಕೂತು ಬಿಡಿಸಿದವರ ಕೂಲಿಯೂ ಹುಟ್ಟುವುದಿಲ್ಲ. ಕುಣಿಗಲ್ ಸೀಮೆ ಮೈಸೂರು ತಳಿಯ ರೇಷ್ಮೆ ಬಿತ್ತನೆ ಗೂಡಿಗೂ ಹೆಸರಾದದ್ದು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳು ಹಗಲು ರಾತ್ರಿ ಎನ್ನದೆ ಸೊಪ್ಪು ಮೇಯುತ್ತದೆ. ಆಗ ಒದ್ದೆ ಸೊಪ್ಪು ಹಾಕಿದರೆ ರೋಗ ಬಿದ್ದು, ಮರಿಹುಳುವಿನ ಚಾಕಿ ಹಂತದಿಂದ ಪಟ್ಟ ಶ್ರಮವೆಲ್ಲ ಹೋಗುತ್ತದೆ. ಸಂಜೆಗೆ ಮಳೆಯಿದೆ ಎಂದು ಗೊತ್ತಾದರೆ ಬೆಳಿಗ್ಗೆಯೇ ಎರಡು ಹೊರೆ ಹೆಚ್ಚಿಗೆ ಕೊಯ್ದು ನೆರಳಲ್ಲಿ ಗೋಣಿ ಹೊದಿಸಿ ಇಟ್ಟುಕೊಳ್ಳಬಹುದು. ಗೊನೆ ಬಿಟ್ಟ ಬಾಳೆಗೆ ಊರೆ ಕೊಡುವುದು, ಹೆಸರು, ಎಳ್ಳು, ಅಲಸಂದೆಗೆ ಹದ ನೋಡಿ ಬಿತ್ತುವುದು, ಎಲ್ಲವೂ ಇದೇ ಲೆಕ್ಕದ ಮೇಲೆ ನಿಂತಿದೆ.

ಟಿ.ವಿ.ಯಲ್ಲಿ ನಮಗೆ ಸಿಗುವುದು 'ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆ' ಎಂಬ ಮಾತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 'ಒಂದೆರಡು ಕಡೆ' ಎಂದರೆ ಮಳೆ ಅಳೆಯುವ ಕೇಂದ್ರಗಳಲ್ಲಿ ಶೇ 25ರವರೆಗೆ ಮಾತ್ರ ಮಳೆ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಇಡೀ ಜಿಲ್ಲೆಗೆ ಒಂದೇ ಬಣ್ಣದ ಎಚ್ಚರಿಕೆ ಕೊಟ್ಟರೂ ಅಷ್ಟೇ. ಬಿಸಿಲನ್ನೇ ನಂಬಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎದ್ದಿರುವ ಪಾವಗಡಕ್ಕೂ ಶಿಂಷಾ ಬಯಲಿನ ಕುಣಿಗಲ್ಲಿಗೂ ಒಂದೇ ಮಾತು ಹೊಂದುವುದಿಲ್ಲ.

ಬೇಕಾದ ಸಲಕರಣೆ ನಮ್ಮಲ್ಲಿ ಆಗಲೇ ಇದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ, ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಪಂಚಾಯಿತಿಗೂ ಮಳೆಮಾಪಕ ಹಾಕಿಸಿದೆ. ರಾಜ್ಯದಲ್ಲಿ ಅಂಥವು ಆರು ಸಾವಿರಕ್ಕೂ ಹೆಚ್ಚು. 15 ನಿಮಿಷಕ್ಕೊಮ್ಮೆ ನಮ್ಮೂರ ಮಳೆಯ ಲೆಕ್ಕ ಯಲಹಂಕಕ್ಕೆ ಹೋಗುವ ವ್ಯವಸ್ಥೆ ಅದು. ಅಡಿಕೆಗೂ ಮಾವಿಗೂ ನಾವು ಕಟ್ಟುವ ಹವಾಮಾನ ಆಧಾರಿತ ವಿಮೆಯ ಪರಿಹಾರ ಅದೇ ಲೆಕ್ಕದ ಮೇಲೆ ತೀರ್ಮಾನವಾಗುತ್ತದೆ. ಕೇಂದ್ರ ಸರ್ಕಾರವೂ 2024ರ ಅಕ್ಟೋಬರ್ 24ರಂದು ಗ್ರಾಮ ಪಂಚಾಯಿತಿ ಮಟ್ಟದ ಐದು ದಿನಗಳ ಮುನ್ಸೂಚನೆ ಶುರು ಮಾಡಿತು. ಆದರೆ ಅದು ಆ್ಯಪ್‌ನೊಳಗಿದೆ. ಕುರಿ ಕಾಯುವವರ, ಕೂಲಿಗೆ ಹೋಗುವ ಹೆಂಗಸರ ಕೈಯಲ್ಲಿರುವುದು ಹೆಚ್ಚಾಗಿ ಕೀಪ್ಯಾಡ್ ಫೋನು.

2025ರ ಬೇಸಿಗೆಯನ್ನು ತಾವು ಬಲ್ಲಿರಿ. ಮಾರ್ಚ್‌ನಿಂದ ಮೇವರೆಗೆ ರಾಜ್ಯದ ವಾಡಿಕೆ 115 ಮಿ.ಮೀ., ಬಿದ್ದದ್ದು 286 ಮಿ.ಮೀ. ಏಪ್ರಿಲ್, ಮೇ ಎರಡೇ ತಿಂಗಳಲ್ಲಿ ಮಳೆ ಸಂಬಂಧಿತ ಅವಘಡಗಳಿಗೆ ರಾಜ್ಯದಲ್ಲಿ 71 ಜನ ಬಲಿಯಾದರು. ಅವರಲ್ಲಿ 48 ಮಂದಿ ಹೋದದ್ದು ಸಿಡಿಲಿಗೆ. ಬಯಲಲ್ಲಿ ದನ ಕುರಿ ಮೇಯಿಸುವವರಿಗೆ ಮಳೆ ಹನಿದೊಡನೆ ಕಾಣುವ ಆಸರೆ ಮರ, ಸಿಡಿಲಿಗೂ ಅದೇ ಮೊದಲು ಸಿಗುತ್ತದೆ. ಸಿಡಿಲಿಗೆ ಸತ್ತವರ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಕೊಡುತ್ತದೆ. ಆ ಜೀವ ಉಳಿಯಲು ಬೇಕಿದ್ದದ್ದು ಎರಡು ಮೂರು ಗಂಟೆ ಮುಂಚೆ ಒಂದು ಮಾತು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇದು. ಹಳ್ಳಿಯ ಜನ ಬೆಳಿಗ್ಗೆ ಸಂಜೆ ತಪ್ಪದೆ ಸೇರುವ ಜಾಗ ಹಾಲಿನ ಡೇರಿ. ಹವಾಮಾನ ಇಲಾಖೆ ರೈತರಿಗಾಗಿ ಮಂಗಳವಾರ, ಶುಕ್ರವಾರ ಹೊರಡಿಸುವ ವರದಿಯಿಂದ ನಮ್ಮ ಹೋಬಳಿಗೆ ಬೇಕಾದ ಭಾಗವನ್ನು ರೈತ ಸಂಪರ್ಕ ಕೇಂದ್ರದವರು ನಾಲ್ಕೇ ಸಾಲಿಗೆ ಇಳಿಸಲಿ: ಮಳೆ ಯಾವ ದಿನ, ಗಾಳಿ ಎಷ್ಟು, ಬಿಸಿಲು ಎಷ್ಟು, ಏನು ಮುಚ್ಚಿಡಬೇಕು. ಡೇರಿಯ ಕಾರ್ಯದರ್ಶಿ ಅದನ್ನು ಹಲಗೆಯ ಮೇಲೆ ಬರೆಯಲಿ. ಗುಡುಗು ಮೋಡ ಯಾವ ಊರ ಮೇಲೆ ಏಳುತ್ತದೆಂದು ವಾರ ಮುಂಚೆ ಯಾರೂ ಹೇಳಲಾರರು, ಅದು ನಮಗೂ ಗೊತ್ತು. ಅದಕ್ಕಾಗಿಯೇ ಇಲಾಖೆ ಮುಂದಿನ ಮೂರು ಗಂಟೆಯ ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆ ತಾಲ್ಲೂಕು ಕಚೇರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲೇ ನಿಲ್ಲದೆ ಪಿಡಿಒ ಮೂಲಕ ಪ್ರತಿ ಊರಿನ ನೀರುಗಂಟಿಗೆ ಹೋಗಲಿ, ಅವರು ಮೈಕಿನಲ್ಲಿ ಕೂಗಲಿ. ಊರ ಮೂಲೆ ಮೂಲೆ ಅವರಿಗೆ ಗೊತ್ತು, ಯಾರ ಕುರಿ ಯಾವ ದಿಕ್ಕಿಗೆ ಹೋಗಿದೆ ಎಂಬುದೂ ಗೊತ್ತು.

ಇನ್ನೊಂದು ಮಾತು. ಹಿಂದಿನ ವಾರ ಏನು ಹೇಳಿದ್ದರು, ಪಂಚಾಯಿತಿಯ ಮಳೆಮಾಪಕದಲ್ಲಿ ಎಷ್ಟು ಬಿತ್ತು, ಎರಡನ್ನೂ ಅದೇ ಹಲಗೆಯಲ್ಲಿ ಪಕ್ಕಪಕ್ಕ ಬರೆಸಿ. ತಪ್ಪಾದರೆ ತಪ್ಪೆಂದೇ ಕಾಣಲಿ. ನಕ್ಷತ್ರ ನೋಡಿ ಬಿತ್ತುವ ಜನ ನಾವು, ಮಳೆ ಕೈಕೊಡುವುದು ನಮಗೆ ಹೊಸದಲ್ಲ. ಲೆಕ್ಕ ಮುಚ್ಚಿಡದೆ ತೋರಿಸಿದವರನ್ನು ರೈತ ನಂಬುತ್ತಾನೆ. ಮಾಪಕ ಕೆಟ್ಟು ನಿಂತಿದ್ದರೆ ಅದೂ ಊರಿಗೆ ತಿಳಿಯುತ್ತದೆ, ವಿಮೆ ಕಟ್ಟಿದವನಿಗೆ ಅದು ಸಣ್ಣ ವಿಷಯವಲ್ಲ.

ಇದಕ್ಕೆ ಹೊಸ ಯೋಜನೆ ಬೇಡ, ಟೆಂಡರ್ ಬೇಡ. ತಮ್ಮ ಸಹಿ ಇರುವ ಒಂದು ಸುತ್ತೋಲೆ ಕೃಷಿ ಇಲಾಖೆಗೆ, ಹಾಲು ಒಕ್ಕೂಟಕ್ಕೆ, ಪಂಚಾಯಿತಿಗಳಿಗೆ ಹೋದರೆ ಸಾಕು. ಅಶ್ವಿನಿ ಹುಟ್ಟುವ ಮೊದಲು ಅದನ್ನು ಹೊರಡಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ,
ಕೊತ್ತಗೆರೆ ಹೋಬಳಿಯ ಒಬ್ಬ ರೈತ