ಕೆಂಚನ ತುರಿಕೆ



ಬೆಕ್ಕು ಹತ್ತಿರ ಬಂದರೆ ಸೀನುವವರನ್ನು, ಬೆಕ್ಕು ಮಲಗಿದ ಚಾಪೆಯ ಮೇಲೆ ಕುಳಿತರೆ ಉಬ್ಬಸ ಬರುವವರನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಬೆಕ್ಕಿಗೇ ಅಲರ್ಜಿ ಎಂದು ಯಾರಾದರೂ ಹೇಳಿದ್ದರೆ ಎರಡು ವರ್ಷಗಳ ಹಿಂದೆ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಈಗ ನಗುವುದಿಲ್ಲ. ಏಕೆಂದರೆ ಈ ಕಥೆಯಲ್ಲಿ ಒಂದು ಬೆಕ್ಕು ನಮ್ಮ ಕೈಯಿಂದಲೇ ಸಾಯುವುದರಲ್ಲಿತ್ತು.

ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಮನೆಗಳು ಬಹಳ. ಅಂಥ ಒಂದು ಮನೆಗೆ ಮಡಕಶಿರಾ ಕಡೆಯ ಹಳ್ಳಿಯೊಂದರಿಂದ ಅಜ್ಜಿಯೊಬ್ಬರು ಬಂದರು. (ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ; ಅಜ್ಜಿಯ ಬಾಯಲ್ಲಿ ಮಾತ್ರ ಅದು ಇಂದಿಗೂ ಅನಂತಪುರ ಜಿಲ್ಲೆಯೇ.) ಗಂಡ ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ ಮಗನ ಬಾಡಿಗೆ ಮನೆಗೆ ಬಂದವರು. ತಂದದ್ದು ಮೂರೇ ವಸ್ತು: ಒಂದು ಟ್ರಂಕು, ತಾವೇ ಹೊಲಿದ ಕೌದಿ, ಮುಚ್ಚಿದ ಬಿದಿರು ಬುಟ್ಟಿಯೊಳಗೆ ಕೆಂಚ. ಕೆಂಚ ಎಂದರೆ ಕೆಂಪು ಗೆರೆಯ ಗಂಡು ಬೆಕ್ಕು, ಅಜ್ಜ ಸಾಕಿದ್ದು.

ಮಳೆಗಾಲ ಕಳೆಯುವಷ್ಟರಲ್ಲಿ ಕೆಂಚನಿಗೆ ತುರಿಕೆ ಹತ್ತಿತು. ಮೊದಲು ಕತ್ತಿನ ಸುತ್ತ, ನಂತರ ಬಾಲದ ಬುಡದಲ್ಲಿ. ಕೈಯಾಡಿಸಿದರೆ ರಾಗಿ ಕಾಳು ಉದುರಿಸಿದಂತೆ ಸಣ್ಣ ಸಣ್ಣ ಹಕ್ಕಳೆಗಳು ಸಿಗುತ್ತಿದ್ದವು. ನೆಕ್ಕಿ ನೆಕ್ಕಿ ಹೊಟ್ಟೆಯ ಕೂದಲೆಲ್ಲ ಬೋಳಾಯಿತು. ರಾತ್ರಿಯಿಡೀ ಕೆರೆದುಕೊಳ್ಳುವ ಸದ್ದಿಗೆ ಮನೆಯವರಿಗೆ ನಿದ್ದೆ ಇಲ್ಲ.

ಇನ್ನು ತೀರ್ಪು ಕೊಡುವವರಿಗೆ ಬರವೇ? ಮಗ ಹೇಳಿದ, ಜೀನ್ಸ್ ಬಟ್ಟೆಯ ಬಣ್ಣದ ಧೂಳು. ಪಕ್ಕದ ಮನೆಯವರು ಹೇಳಿದರು, ಹಾಲು. ಅಜ್ಜಿಯ ಲೆಕ್ಕದಲ್ಲಿ ಸೊಸೆ ಸಂತೆಯಿಂದ ತರುವ ಅಗ್ಗದ ಮೀನು. ಸೊಸೆಯ ಲೆಕ್ಕದಲ್ಲಿ ಅದು ಊರಿನಿಂದಲೇ ಹೊತ್ತು ತಂದ ರೋಗ. ಮಗುವಿಗೆ ಅಂಟುವ ಮೊದಲು ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ದೂರ ಬಿಟ್ಟು ಬರಬೇಕು. ಆ ಮಾತು ಬಂದ ದಿನ ಅಜ್ಜಿ ಟ್ರಂಕು ಎಳೆದು ಬಾಗಿಲಿಗೆ ತಂದಿಟ್ಟರಂತೆ. "ಅದು ಹೋದ್ರೆ ನಾನೂ ಹೋಗ್ತೀನಿ ಸಾಮಿ. ಬೀಗ ತೆಗ್ದು ಒಬ್ಳೇ ಇರ್ತೀನಿ" ಎಂದು ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಮುಂದೆ ಕಣ್ಣೊರೆಸಿಕೊಂಡರು.

ಸೆಮಿನರಿಯಲ್ಲಿ ನಾವು ಎರಡು ವರ್ಷ ತತ್ವಶಾಸ್ತ್ರ ಓದಿದವರು. ತರ್ಕದ ಪಾಠದಲ್ಲಿ ಮೊದಲು ಕಲಿಸಿದ ದೋಷಗಳಲ್ಲಿ ಒಂದು: 'ಇದಾದ ಮೇಲೆ ಅದಾಯಿತು, ಆದ್ದರಿಂದ ಇದರಿಂದಲೇ ಅದಾಯಿತು.' ರಾಯದುರ್ಗಕ್ಕೆ ಬಂದ ಮೇಲೆ ತುರಿಕೆ ಶುರುವಾಯಿತು, ಆದ್ದರಿಂದ ರಾಯದುರ್ಗದ ಮೀನೇ, ಧೂಳೇ, ಹಾಲೇ ಕಾರಣ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಚೆನ್ನಾಗಿಯೇ ಉತ್ತರ ಬರೆದಿದ್ದೆವು. ಅಜ್ಜಿಯ ಮನೆಯಲ್ಲಿ ಕುಳಿತಾಗ ಅದು ನೆನಪಿಗೇ ಬರಲಿಲ್ಲ. ಮೂರು ದಿನ ಮೀನು ಬಿಡಿಸಿದೆವು, ನಾಲ್ಕು ದಿನ ಹಾಲು ಬಿಡಿಸಿದೆವು, ಬೇವಿನ ಎಣ್ಣೆ ಹಚ್ಚಿಸಿದೆವು. ಯಾರೋ ಒಂದು ಇಂಜೆಕ್ಷನ್ ಕೊಡಿಸಿದರು. ಎರಡು ವಾರ ಹಾಯಾಗಿದ್ದ ಬೆಕ್ಕು ಮೂರನೇ ವಾರ ಮತ್ತೆ ಮೊದಲಿನಂತೆಯೇ ಆಯಿತು.

ಇನ್ನು ನಮ್ಮ ತಪ್ಪಿಗೆ ಬರುತ್ತೇವೆ. ಗುರುಮನೆಯ ನಾಯಿಗೆ ಉಣ್ಣೆ ಹತ್ತಿದಾಗ ತಂದಿದ್ದ ಮದ್ದಿನ ಬಾಟಲಿ ಕಪಾಟಿನಲ್ಲಿ ಅರ್ಧ ಉಳಿದಿತ್ತು. ಹುಳ ಇದ್ದರೂ ಹೋಗಲಿ, ಇಲ್ಲದಿದ್ದರೆ ನಷ್ಟವಿಲ್ಲ ಎಂದುಕೊಂಡು ಒಂದು ಸಂಜೆ ಅದನ್ನು ಕೆಂಚನ ಕತ್ತಿಗೆ, ಬೆನ್ನಿಗೆ ನಾವೇ ಹಚ್ಚಿದೆವು. ಅಜ್ಜಿ ಸಂತೋಷದಿಂದ ಕಾಫಿ ಕೊಟ್ಟರು. ರಾತ್ರಿ ಹತ್ತರ ಹೊತ್ತಿಗೆ ಮಗ ಓಡಿ ಬಂದ. ಹೋಗಿ ನೋಡಿದರೆ ಬಾಯಿಂದ ಜೊಲ್ಲು, ಕಿವಿಯಿಂದ ಪಾದದವರೆಗೆ ಬಿಡದ ನಡುಕ. ಎದ್ದು ನಿಂತರೆ ಕಾಲು ಸೋತು ಬೀಳುತ್ತದೆ. ಪಶುವೈದ್ಯರೊಬ್ಬರಿಗೆ ಫೋನು ಮಾಡಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಬಾಟಲಿಯ ಮೇಲೆ ಏನು ಬರೆದಿದೆ, ಓದಿ." ಕನ್ನಡಕ ಹಾಕಿಕೊಂಡು ಓದಿದೆವು. ಪರ್ಮೆಥ್ರಿನ್. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ನಾಯಿಗಳಿಗೆ ಮಾತ್ರ.

ನಾಯಿಯ, ಮನುಷ್ಯರ ಯಕೃತ್ತು ಸುಲಭವಾಗಿ ಕರಗಿಸಿ ಹೊರಹಾಕುವ ಕೆಲವು ವಸ್ತುಗಳನ್ನು ಬೆಕ್ಕಿನ ಯಕೃತ್ತು ಹೊರಹಾಕಲಾರದು. ಅದಕ್ಕೆ ಬೇಕಾದ ಕಿಣ್ವ ಬೆಕ್ಕಿನಲ್ಲಿ ತೀರಾ ಕಡಿಮೆ. ಆದ್ದರಿಂದ ನಾಯಿಯ ಉಣ್ಣೆಯ ಮದ್ದು ಬೆಕ್ಕಿಗೆ ವಿಷ. ನಾವು ತಲೆನೋವಿಗೆ ನುಂಗುವ ಪ್ಯಾರಾಸಿಟಮಾಲ್ ಕೂಡ ಹಾಗೆಯೇ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಮನೆಯಲ್ಲಿ ಬೆಕ್ಕಿರುವವರು ಇದಿಷ್ಟನ್ನಾದರೂ ದಯವಿಟ್ಟು ನೆನಪಿಡಿ. ವೈದ್ಯರು ಹೇಳಿದಂತೆ ಆ ರಾತ್ರಿ ಪಾತ್ರೆ ತೊಳೆಯುವ ಸೋಪು ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ಬೆಕ್ಕನ್ನು ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಸುಮಾರು 50 ಕಿಲೋಮೀಟರ್ ದೂರದ ಬಳ್ಳಾರಿಗೆ ಕಾರಿನಲ್ಲಿ ಕರೆದೊಯ್ದೆವು. ದಾರಿಯುದ್ದಕ್ಕೂ ಅಜ್ಜಿ ನಮ್ಮೊಡನೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಎರಡು ದಿನದಲ್ಲಿ ಕೆಂಚ ಚೇತರಿಸಿಕೊಂಡಿತು. ಮೂರನೆಯ ದಿನ ವೈದ್ಯರು ತುರಿಕೆಯ ವಿಚಾರಕ್ಕೆ ಬಂದರು. ಅವರು ಬೆಕ್ಕನ್ನು ನೋಡಿದ್ದಕ್ಕಿಂತ ನಮ್ಮನ್ನು ಕೇಳಿದ್ದೇ ಹೆಚ್ಚು. ಎಲ್ಲಿ ಮಲಗುತ್ತದೆ? ಯಾವ ತಿಂಗಳಲ್ಲಿ ಹೆಚ್ಚು? ಮೈಯ ಯಾವ ಭಾಗ ಮೊದಲು? ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಇದೆಯೇ?

ಕೊನೆಯ ಪ್ರಶ್ನೆಗೆ ಅಜ್ಜಿ ನಾಚಿಕೊಂಡು ಸೀರೆಯ ಅಂಚನ್ನು ಸ್ವಲ್ಪ ಎತ್ತಿ ತೋರಿಸಿದರು. ಹಿಮ್ಮಡಿಯ ಮೇಲೆ ಕೆಂಪು ಚುಕ್ಕಿಗಳ ಸಾಲು. ಸೆಖೆಯ ಗುಳ್ಳೆ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ಸೊಸೆ ಆಶ್ಚರ್ಯದಿಂದ, "ನಂಗೂ ಇದಾವೆ ಅತ್ತೆ" ಎಂದರು. ಒಂದೇ ಮನೆಯಲ್ಲಿದ್ದು ತಿಂಗಳುಗಟ್ಟಲೆ ಜಗಳವಾಡಿದ ಇಬ್ಬರೂ ಒಂದೇ ಹುಳದ ಕಡಿತವನ್ನು ಒಬ್ಬರಿಗೊಬ್ಬರು ಹೇಳದೆ ಕೆರೆದುಕೊಳ್ಳುತ್ತಿದ್ದರು!

ವೈದ್ಯರು ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆಯಿಂದ ಕೆಂಚನ ಬಾಲದ ಬುಡವನ್ನು ಬಾಚಿ, ಸಿಕ್ಕ ಕಪ್ಪು ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಉದುರಿಸಿದರು. ನೋಡುತ್ತಿದ್ದಂತೆಯೇ ಪ್ರತಿಯೊಂದು ಕಣದ ಸುತ್ತ ತುಕ್ಕಿನಂಥ ಕೆಂಪು ಹರಡಿತು. ಮಣ್ಣಾಗಿದ್ದರೆ ಮಣ್ಣಾಗಿಯೇ ಉಳಿಯುತ್ತಿತ್ತು. ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ.

"ಚಿಗಟ ಇದ್ದಿದ್ರೆ ನಮ್ಮ ಕಣ್ಣಿಗೆ ಕಾಣ್ತಿರ್ಲಿಲ್ವಾ?" ಎಂದು ಮಗ ಕೇಳಿದ. ಕಾಣುವುದಿಲ್ಲ. ತುರಿಕೆಯಿರುವ ಬೆಕ್ಕು ಚಿಗಟವನ್ನು ನೆಕ್ಕಿ ನುಂಗಿಬಿಡುತ್ತದೆ. ಮೇಲಾಗಿ ಈ ಅಲರ್ಜಿಗೆ ನೂರಾರು ಚಿಗಟ ಬೇಕಿಲ್ಲ. ಕಡಿಯುವಾಗ ಒಳಗಿಳಿಯುವ ಅದರ ಜೊಲ್ಲೇ ಕಾರಣವಾದ್ದರಿಂದ, ಒಂದೆರಡು ಕಡಿತಕ್ಕೆ ದಿನಗಟ್ಟಲೆ ನವೆ. 'ಅಲರ್ಜಿ' ಎಂಬ ಪದವನ್ನು 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಹುಟ್ಟುಹಾಕಿದ್ದು ಇಂಥದ್ದನ್ನು ವಿವರಿಸಲಿಕ್ಕೇ: ಒಮ್ಮೆ ಪರಿಚಯವಾದ ವಸ್ತು ಮತ್ತೆ ಬಂದಾಗ ಮೈ ಬೇರೆಯೇ ರೀತಿಯಲ್ಲಿ ಎದುರಾಡುವುದು. ಹಾಗಾಗಿ ಮಡಕಶಿರಾದಲ್ಲಿ ಇಲ್ಲದ ತುರಿಕೆ ಇಲ್ಲಿ ಬಂದದ್ದರಲ್ಲಿ ವಿಚಿತ್ರವೇನಿಲ್ಲ. ವರ್ಷಗಟ್ಟಲೆ ಸಹಿಸಿಕೊಂಡ ಮೈ ಒಂದು ದಿನ ಸಹಿಸಲಾರದೆ ಹೋಗುತ್ತದೆ.

ಆದರೂ ಒಂದು ಪ್ರಶ್ನೆ ಉಳಿದಿತ್ತು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ನಮ್ಮ ಈ ಒಣ ಸೀಮೆಯಲ್ಲಿ ಚಿಗಟ ಬೆಳೆಯುವುದೆಲ್ಲಿ? ಅದರ ಮರಿಹುಳುವಿಗೆ ತೇವ ಬೇಕು, ನೆರಳು ಬೇಕು; ಬಿಸಿಲಿಗೆ ಬಿದ್ದರೆ ಒಣಗಿ ಸಾಯುತ್ತದೆ. ಮನೆಗೆ ಮರಳಿದ ಮೇಲೆ ವೈದ್ಯರ ಮಾತಿನಂತೆ ಕೆಂಚ ಎಲ್ಲಿ ಮಲಗುತ್ತದೆಂದು ಗಮನಿಸಿದೆವು. ಕುಡಿಯುವ ನೀರಿನ ಮಡಕೆಯ ಪಕ್ಕ! ತಗಡಿನ ಸೂರಿನ ಕೆಳಗೆ ಅದೊಂದೇ ತಂಪಾದ ಜಾಗ. ಮಡಕೆಯ ಕೆಳಗೆ ಸದಾ ಒದ್ದೆಯಾದ ಗೋಣಿಚೀಲ, ಅದರ ಮೇಲೆ ಮಡಿಸಿಟ್ಟ ಅಜ್ಜಿಯ ಕೌದಿ. ಊರಿನಲ್ಲಿ ವಾರಕ್ಕೊಮ್ಮೆ ಅಂಗಳದ ಬಿಸಿಲಿನಲ್ಲಿ ಒಣಗುತ್ತಿದ್ದ ಕೌದಿ ಇಲ್ಲಿಗೆ ಬಂದ ಮೇಲೆ ಬಿಸಿಲನ್ನೇ ಕಂಡಿರಲಿಲ್ಲ. ಬಾಡಿಗೆ ಮನೆಗೆ ಅಂಗಳವಿಲ್ಲ. ಮಹಡಿಯ ಮೆಟ್ಟಿಲು ಅಜ್ಜಿಯ ಮಂಡಿಗೆ ಆಗದು.

ಚಿಗಟದ ಮೊಟ್ಟೆ ಬೆಕ್ಕಿನ ಮೈಯಿಂದ ನೆಲಕ್ಕೆ ಉದುರುತ್ತದೆ. ಮರಿಹುಳು ಗೋಣಿಯ ಸಂದಿಯಲ್ಲಿ ಬೆಳೆದು ಗೂಡು ಕಟ್ಟುತ್ತದೆ. ಆ ಗೂಡಿನೊಳಗೆ ತಿಂಗಳುಗಟ್ಟಲೆ ಕಾಯಬಲ್ಲದು. ಬೆಕ್ಕಿಗೆ ಮಾತ್ರ ಮದ್ದು ಹಚ್ಚಿ ಮನೆಯನ್ನು ಬಿಟ್ಟರೆ ಪ್ರಯೋಜನವಿಲ್ಲ. ಬೆಕ್ಕಿಗೆಂದೇ ತಯಾರಾದ ಹನಿಮದ್ದನ್ನು ವೈದ್ಯರು ತೂಕ ನೋಡಿ ತಿಂಗಳಿಗೊಮ್ಮೆ ಹಾಕಲು ಕೊಟ್ಟರು. ಗೋಣಿಚೀಲ ಸುಟ್ಟೆವು. ಕೌದಿಯನ್ನು ಸೊಸೆ ಬಿಸಿನೀರಿನಲ್ಲಿ ನೆನೆಸಿ ತೊಳೆದು ಮಹಡಿಗೆ ಹೊತ್ತು ಹರವಿದರು. ಅಂದಿನಿಂದ ಪ್ರತಿ ಶನಿವಾರ ಅದು ಅವರ ಕೆಲಸ.

ಮೊದಲ ತಿಂಗಳು ಏನೂ ಬದಲಾಗಲಿಲ್ಲ. ಎಲ್ಲರೂ ಮತ್ತೆ ಮೀನಿನ ಕಡೆಗೇ ಬೆರಳು ತೋರಿಸಿದರು. ವೈದ್ಯರು ಮೊದಲೇ ಎಚ್ಚರಿಸಿದ್ದರು: ಹಳೆಯ ಗೂಡುಗಳೆಲ್ಲ ಒಡೆದು ಮುಗಿಯಲು ಎರಡು ಮೂರು ತಿಂಗಳು ಬೇಕು. ಆ ಮೇಲೂ ತುರಿಕೆ ನಿಲ್ಲದಿದ್ದರೆ ಮಾತ್ರ ಆಹಾರದ ಪರೀಕ್ಷೆ. ಅದಕ್ಕೆ ನಂಬಬಹುದಾದ ರಕ್ತಪರೀಕ್ಷೆ ಇಲ್ಲ. ಹಿಂದೆಂದೂ ತಿನ್ನದ ಒಂದೇ ಬಗೆಯ ಮಾಂಸವನ್ನು ಎಂಟು ವಾರ ಕೊಡಬೇಕು; ಪಕ್ಕದ ಮನೆಯ ಒಂದು ಗುಟುಕು ಹಾಲೂ ಸಲ್ಲದು. ತುರಿಕೆ ನಿಂತರೆ ಹಳೆಯ ಆಹಾರವನ್ನೇ ಮತ್ತೆ ಕೊಟ್ಟು ನೋಡಬೇಕು. ಮರುಕಳಿಸಿದರಷ್ಟೇ ಅದು ಕಾರಣವೆಂದು ಸಾಬೀತು. ನಮ್ಮ ಮೂರು ದಿನದ ಮೀನಿನ ಪಥ್ಯ ನೆನೆದು ನಾಚಿಕೆಯಾಯಿತು.

ಕೆಂಚನಿಗೆ ಆ ಪರೀಕ್ಷೆ ಬೇಕಾಗಲಿಲ್ಲ. ಮೂರನೆಯ ತಿಂಗಳಲ್ಲಿ ಹೊಟ್ಟೆಯ ಮೇಲೆ ಕೂದಲು ಚಿಗುರಿತು. ಅಗ್ಗದ ಮೀನೂ ನಡೆಯುತ್ತಿದೆ, ಜೀನ್ಸ್ ಬಟ್ಟೆಯ ರಾಶಿಯ ಮೇಲೆ ನಿದ್ದೆಯೂ ನಡೆಯುತ್ತಿದೆ. ಅಜ್ಜಿ ನಮ್ಮೊಡನೆ ಮಾತು ಶುರುಮಾಡಿದ್ದು ಅದಕ್ಕೂ ಸ್ವಲ್ಪ ಮೊದಲು. ಆದರೆ ಬೆಕ್ಕನ್ನು ನಮ್ಮ ಕೈಗೆ ಕೊಡುವುದಿಲ್ಲ, ದೂರದಿಂದಲೇ ತೋರಿಸುತ್ತಾರೆ.

ಆ ಬಾಟಲಿ ಗುರುಮನೆಯಲ್ಲಿ ಇನ್ನೂ ಇದೆ, ನಾಯಿಗೆ ಬೇಕಲ್ಲ. ಅಜ್ಜಿಯ ಮೊಮ್ಮಗಳು ಒಂದು ದಿನ ಬಂದು ಅದಕ್ಕೆ ಬಿಳಿ ಕಾಗದ ಅಂಟಿಸಿ, ಕೆಂಪು ಪೆನ್ನಿನಲ್ಲಿ ಮೊದಲು ತೆಲುಗಿನಲ್ಲಿ, ಅದರ ಕೆಳಗೆ ಕನ್ನಡದಲ್ಲಿ ಬರೆದು ಹೋದಳು: 'ಬೆಕ್ಕಿಗೆ ಅಲ್ಲ.'