ಕಿರಣ ಸಿಕ್ಕರೆ ಸಾಲದು

ಶುದ್ಧ ಜಿರ್ಕೋನಿಯಾ ಎಂಬ ಸೆರಾಮಿಕ್ಕಿನ ಹರಳು ತನ್ನ ರಚನೆ ಬದಲಿಸಬೇಕಾದರೆ ಸುಮಾರು 1170 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ವೇಗದ ಭಾರವಾದ ಅಯಾನುಗಳು ಹಾಯ್ದರೆ ಕೋಣೆಯ ತಾಪಮಾನದಲ್ಲೇ ಆ ಬದಲಾವಣೆ ಆಗಿಬಿಡುತ್ತದೆ. 100 ಎಂಇವಿ ಶಕ್ತಿಯ ಬೆಳ್ಳಿ ಅಯಾನು ಮುನ್ನೂರು ನ್ಯಾನೊಮೀಟರ್ ದಪ್ಪದ ಸೆರಾಮಿಕ್ ಪದರವನ್ನು ತೂರಿಕೊಂಡು ಹೋಗಿ ಕೆಳಗಿನ ಆಧಾರಫಲಕದೊಳಗೆ ನಿಲ್ಲುತ್ತದೆ. ಪದರದಲ್ಲಿ ಉಳಿಯುವುದು ಅದು ಎಲೆಕ್ಟ್ರಾನುಗಳಿಗೆ ಕೊಟ್ಟ ಶಕ್ತಿಯ ಪರಿಣಾಮ ಮಾತ್ರ: ಖಾಲಿಬಿದ್ದ ಆಮ್ಲಜನಕದ ಸ್ಥಾನಗಳು, ಬದಲಾದ ವಿದ್ಯುತ್ ವಾಹಕತೆ, ಬೆಳಕು ಹೀರುವ ಗುಣ.

ಇಂಥ ಅಯಾನುಗಳ ಕಿರಣವನ್ನು ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದ ಪೆಲೆಟ್ರಾನ್ ಯಂತ್ರ ದೇಶದ ವಿಶ್ವವಿದ್ಯಾಲಯಗಳಿಗೆ ಒದಗಿಸುತ್ತದೆ. ನನ್ನ ವಿದ್ಯಾರ್ಥಿಗಳೂ ಮಾದರಿಗಳನ್ನು ಡಬ್ಬಿಯಲ್ಲಿ ಜೋಪಾನವಾಗಿಟ್ಟು ರೈಲು ಹತ್ತುತ್ತಾರೆ. ತಕರಾರು ಇರುವುದು ನಮ್ಮಲ್ಲೇ, ಹೋಗುವ ಮುಂಚೆಯೂ ವಾಪಸು ಬಂದ ಮೇಲೂ. ಹರಳಿನ ರಚನೆ ಅಳೆಯುವ ಎಕ್ಸ್‌-ರೇ ಯಂತ್ರ ಕೆಟ್ಟಿರುತ್ತದೆ, ರಿಪೇರಿಯ ಕಡತ ಮೇಜಿಂದ ಮೇಜಿಗೆ ಅಲೆಯುತ್ತಿರುತ್ತದೆ. ಕಿರಣದ ಹೊಡೆತಕ್ಕೆ ಮುಂಚಿನ ಅಳತೆಯೇ ಇಲ್ಲದಿದ್ದರೆ ನಂತರದ್ದನ್ನು ಯಾವುದಕ್ಕೆ ಹೋಲಿಸುವುದು? ಆದರೂ ಪ್ರಬಂಧ ಮುಗಿಯುತ್ತದೆ ಬಿಡಿ, ಅದೇ ನನಗೆ ಹೆಚ್ಚು ಸಿಟ್ಟು ತರಿಸುವುದು.

ಹೊಸ ಕಟ್ಟಡಕ್ಕೆ ಕೊಡುವ ದುಡ್ಡಿನಲ್ಲಿ ಒಂದಿಷ್ಟನ್ನು ಹಳೆಯ ಯಂತ್ರಗಳ ವಾರ್ಷಿಕ ನಿರ್ವಹಣೆಗೆ ಕಡ್ಡಾಯವಾಗಿ ತೆಗೆದಿಡಬೇಕು. ಒಬ್ಬ ಕಾಯಂ ತಂತ್ರಜ್ಞನನ್ನೂ ಕೊಡಿ. ಗುತ್ತಿಗೆಯವರು ಕೆಲಸ ಕಲಿಯುವಷ್ಟರಲ್ಲಿ ಅವಧಿ ಮುಗಿದಿರುತ್ತದೆ.