ಗೆರೆ ನಡುಗೋದು ಕೈಯಿಂದಲ್ಲ

ಮನುಷ್ಯರ ಚಿತ್ರ ಬಿಡಿಸೋಕೆ ಹೊರಟವರದ್ದು ಒಂದು ಹಳೇ ಗೋಳಿದೆ. "ಗೆರೆ ನಡುಗತ್ತೆ ಕಣ್ರೀ, ನನಗೆ ಕೈ ಪಳಗಿಲ್ಲ." ಎಷ್ಟೋ ಜನ ಇದೇ ಕಾರಣಕ್ಕೆ ಚಿತ್ರ ಬಿಡಿಸೋದನ್ನೇ ಬಿಟ್ಟುಬಿಡ್ತಾರೆ.

ನಾನಿದನ್ನು ಒಪ್ಪೋದಿಲ್ಲ. ಅದೇ ಕೈ ಸಹಿ ಹಾಕುವಾಗ ನಡುಗತ್ತಾ? ಇಲ್ಲ ತಾನೆ. ಸಹಿಯ ಗೆರೆ ಎಲ್ಲಿ ಹೊರಟು ಎಲ್ಲಿ ಮುಟ್ಟಬೇಕು ಅಂತ ಕೈಗೆ ಮೊದಲೇ ಗೊತ್ತು. ಚಿತ್ರದಲ್ಲಿ ಹೆಗಲು ಎಲ್ಲಿ ಮುಗಿಯತ್ತೆ ಅಂತ ಗೊತ್ತಿಲ್ಲದಾಗ ಕೈ ತಡಕಾಡತ್ತೆ, ಒಂದು ಗೆರೆ ಎಳೆಯೋ ಕಡೆ ಹತ್ತು ಗೀಚು ಬೀಳತ್ತೆ. ಈಗಿನ ಡ್ರಾಯಿಂಗ್ ಆಪ್‌ಗಳಲ್ಲಿ ಗೆರೆಯನ್ನು ನುಣುಪು ಮಾಡೋ ಸೌಲಭ್ಯವೇ ಇದೆ. ಗೆರೆ ನುಣುಪಾಗತ್ತೆ ನಿಜ, ಆದರೆ ಬೀಳೋ ಹಾಗೆ ನಿಂತ ಮನುಷ್ಯ ಹಾಗೇ ನಿಂತಿರ್ತಾನೆ!

ನಮ್ಮ ಶಿಲ್ಪಿಗಳಿಗೆ ಇದು ಗೊತ್ತಿತ್ತು. ಅವರ ತಾಳಮಾನದಲ್ಲಿ ಮುಖದ ಉದ್ದ ಒಂದು ತಾಳ, ಅಂದರೆ 12 ಅಂಗುಲ. ನವತಾಳದ ಮೂರ್ತಿ 108 ಅಂಗುಲ. ಉಳಿದದ್ದೆಲ್ಲ ಆಮೇಲೆ.

ಆದರೆ ಅಳತೆಯೊಂದೇ ಸಾಲದು, ಭಾರವೂ ಕಾಣಬೇಕು. ಬಸ್ ಕಾಯುತ್ತಾ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತವರನ್ನು ಗಮನಿಸಿ. ಆ ಕಾಲಿನ ಕಡೆ ಸೊಂಟ ಮೇಲೆದ್ದಿರತ್ತೆ, ಸಾಮಾನ್ಯವಾಗಿ ಅದೇ ಕಡೆಯ ಹೆಗಲು ಇಳಿದಿರತ್ತೆ. ಕತ್ತಿನ ಗುಳಿಯಿಂದ ದಾರ ಇಳಿಬಿಟ್ಟರೆ ಭಾರ ಹೊತ್ತ ಪಾದದ ಹತ್ತಿರ ಬೀಳತ್ತೆ. ಇಷ್ಟು ನೋಡಿಕೊಂಡು ತಲೆ, ಎದೆಗೂಡು, ಸೊಂಟ ಅಂತ ಮೂರು ಉಂಡೆ ಹಾಕಿ, ಬೆನ್ನಿನ ಒಂದು ಬಾಗಿನಿಂದ ಜೋಡಿಸಿದರೆ ಅರ್ಧ ಕೆಲಸ ಆಯ್ತು.

ತೊಂದರೆ ಇರೋದು ಮುಂದಿನ ಅರ್ಧದಲ್ಲಿ. ಬಹಳ ಜನ ಆ ಉಂಡೆಗಳ ಅಂಚನ್ನೇ ತಿದ್ದಿ ತಿದ್ದಿ ಕಪ್ಪು ಮಾಡ್ತಾರೆ, ಚಿತ್ರ ಗೊಂಬೆಯ ಹಾಗೆ ಸೆಟೆದುಕೊಳ್ಳತ್ತೆ. ನನ್ನ ಪ್ರಕಾರ ಆ ಹಾಳೆಯನ್ನು ಪಕ್ಕಕ್ಕಿಡಬೇಕು. ಹೊಸ ಹಾಳೆ, ಪೆನ್ನು. ರಬ್ಬರ್ ಬೇಡ. ಮಣಿಕಟ್ಟಿನಿಂದಲ್ಲ, ಹೆಗಲಿನಿಂದ ಕೈ ಆಡಿಸಿ, ಒಂದು ಕೀಲಿನಿಂದ ಇನ್ನೊಂದು ಕೀಲಿಗೆ ಒಂದೇ ಗೆರೆ. ತಪ್ಪಿತಾ? ಇನ್ನೊಂದು ಹಾಳೆ.

ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು (1911-1996) ಬಿಡಿಸಿದ ನರ್ತಕಿಯರನ್ನು ನೋಡಿ. ಕೆಲವೇ ಗೆರೆಗಳಲ್ಲಿ ಇಡೀ ದೇಹ ತಿರುಗತ್ತೆ. ಅದು ಬರೀ ಕೈಚಳಕ ಅಂದುಕೊಳ್ಳಬೇಡಿ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲೂ ಪ್ಯಾರಿಸ್ಸಿನಲ್ಲೂ ಕಲಿತ ಅವರು, ಲಯ ತಿಳಿಯೋಕೆ ಅಂತ ಕಥಕ್ ಕೂಡ ಅಭ್ಯಾಸ ಮಾಡಿದವರು. ಬಿಟ್ಟ ಗೆರೆಗಳು ಯಾವುವು ಅಂತ ಗೊತ್ತಿದ್ದವರಿಗೆ ಮಾತ್ರ ಅಷ್ಟು ಕಡಿಮೆ ಗೆರೆ ಸಾಕಾಗತ್ತೆ.

ಆದ್ದರಿಂದ "ನಿನಗೆ ಕೈ ಬರಲ್ಲ" ಅಂತ ಯಾವ ಮಗುವಿಗೂ ಹೇಳಬೇಡಿ. ನಿಮಗೆ ನೀವೂ ಹೇಳ್ಕೋಬೇಡಿ. ಕೈ ಸರಿಯಾಗೇ ಇದೆ, ಕಣ್ಣಿಗೆ ಇನ್ನೊಂದಿಷ್ಟು ಕೆಲಸ ಕೊಡಿ. ಏನಂತೀರಿ?